ಮೇಸ್ತ್ರಿಗಳ ಜೋಡಿ ಬಾಗಿಲು

ಸಿಮೆಂಟು ತಿಂದು ತಿಂದು ಮೇಸ್ತ್ರಿಗಳ ಬೆರಳ ತುದಿಗಳು ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಬೆರಳಚ್ಚು ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ಅದು ಅವರನ್ನು ಗುರುತಿಸುತ್ತಿರಲಿಲ್ಲ. “ನಾನು ಇಲ್ವಂತೆ ಕಣಪ್ಪ,” ಎಂದು ನಗುತ್ತಾ ಖಾಲಿ ಚೀಲ ಮಡಚಿಕೊಂಡು ಬರುತ್ತಿದ್ದರು.

ರಾಜೀವನಗರದಲ್ಲಿ ನಮ್ಮ ಎದುರು ಸಾಲಿನ ಮನೆ ಅವರದು, ತಾವೇ ಕಟ್ಟಿದ್ದು. ಯಾರಿಗೆ ಮನೆ ಕಟ್ಟಿಕೊಟ್ಟರೂ ಮುಂಬಾಗಿಲ ಅಳತೆಯಲ್ಲಿ ಮಾತ್ರ ಮಾಲೀಕರ ಮಾತು ಕೇಳುತ್ತಿರಲಿಲ್ಲ. “ಮದುವಣಗಿತ್ತಿ ಒಳಗೆ ಬರ್ಬೇಕು, ಪೆಟ್ಟಿಗೆ ಹೊರಗೆ ಹೋಗ್ಬೇಕು. ಹೊರೋರ ಭುಜ ಗೋಡೆಗೆ ತಾಗ್ಬಾರ್ದು,” ಎನ್ನುವರು. ಭಾನುವಾರದ ಪೂಜೆ ತಪ್ಪಿಸದ ಕ್ರೈಸ್ತರು. ಶವಪೆಟ್ಟಿಗೆಯ ಮಾತು ಅವರಿಗೆ ಅಪಶಕುನವಲ್ಲ. ಗೃಹಪ್ರವೇಶದ ದಿನವೂ ಹೀಗೇ ಹೇಳಿ ಎಷ್ಟೋ ಜನರಿಂದ ಬೈಸಿಕೊಂಡಿದ್ದರು. ಅವರ ಹಜಾರಕ್ಕಿದ್ದದ್ದು ತೇಗದ ಜೋಡಿ ಬಾಗಿಲು.

ಊರೊಳಗೆ ಹೊಸ ವರ್ತುಲ ರಸ್ತೆ ಬರುತ್ತದೆ ಎಂದಾಗ ನಾನು ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವವನು. ಗೆರೆ ಆ ಹಜಾರದ ಮೇಲೆ ಹಾಯುತ್ತಿತ್ತು. ಕೆಡವಬೇಕಾದ ಗೋಡೆಗಳಿಗೆ ಕೆಂಪು ಗುರುತು ಬಿತ್ತು. ಬೀದಿಯವರೆಲ್ಲ ಸುಣ್ಣ ಬಳಿದು ಅಳಿಸಿಕೊಂಡರು. ಇವರೊಬ್ಬರು ನನ್ನನ್ನು ಕೇಳಲು ಬಂದರು.

“ಖಂಡಿತ ಬರುತ್ತಾ?”

“ಬಂದೇ ಬರುತ್ತೆ ಮೇಸ್ತ್ರಿಗಳೇ. ಗೆರೆ ಎಳೆದೋನೇ ನಾನು.” ಹೇಳುವಾಗ ನನಗೆ ಜಂಬ.

“ಹಂಗಾದ್ರೆ ಕೆಡವೋ ಮಿಷನ್ ಮುಟ್ಟೋಕೆ ಬುಡಲ್ಲ. ಕಟ್ಟಿದ್ದು ನಾನು, ನಾನೇ ಇಳಿಸ್ತೀನಿ.”

ಎರಡು ವಾರ ಒಬ್ಬರೇ ಹಜಾರವನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿದರು. ಜೋಡಿ ಬಾಗಿಲನ್ನು ಟಾರ್ಪಾಲು ಹೊದಿಸಿ ಒರಗಿಸಿದರು. ಉಳಿದ ಅರ್ಧ ಮನೆಗೆ ಅದನ್ನು ಆಗಲೇ ಕೂರಿಸಿ ಎಂದು ಹೆಂಡತಿ ಅಂಗಲಾಚಿದರು. “ರಸ್ತೆ ಮಟ್ಟ ಗೊತ್ತಾಗ್ದೆ ಹೊಸ್ತಿಲು ಇಡೋಕಾಗುತ್ತೇನೇ?” ಎಂದು ಹಜಾರ ಬಿಚ್ಚಿದ ಬದಿಗೆ ಗೋಡೆ ಎಬ್ಬಿಸಿಬಿಟ್ಟರು. ಅಡುಗೆಮನೆಯ ಇಕ್ಕಟ್ಟಾದ ಹಿತ್ತಿಲ ಬಾಗಿಲೇ ಓಡಾಟಕ್ಕೆ ಉಳಿಯಿತು.

ರಸ್ತೆ ಬರಲಿಲ್ಲ. ಯೋಜನೆ ಕೈಬಿಟ್ಟರು. ತೆರವಾದ ಜಾಗದಲ್ಲಿ ಪಾರ್ಥೇನಿಯಂ ಬೆಳೆಯಿತು, ಕಸ ಬಿತ್ತು. ಆ ರಸ್ತೆಯಲ್ಲಿ ಹೋಗಬೇಕಿದ್ದ ಲಾರಿಗಳು ನಮ್ಮ ಬೀದಿಯಲ್ಲೇ ಹಾರನ್ ಹೊಡೆಯುತ್ತಾ ತೂರಿದವು. ಗುರುತು ಅಳಿಸಿಕೊಂಡವರು ಪರವಾನಗಿಯ ಗೊಡವೆಯಿಲ್ಲದೆ ಮಹಡಿ ಎಬ್ಬಿಸಿ, ಮೇಲಿಂದ ಆ ಮೊಂಡು ಮನೆ ನೋಡಿ ನಕ್ಕರು. ಒಮ್ಮೆ ನಾನೂ ನಕ್ಕಿದ್ದೇನೆ.

ಹಜಾರ ಮತ್ತೆ ಕಟ್ಟಿ ಬಾಗಿಲು ಕೂರಿಸಲು ಮೇಸ್ತ್ರಿಗಳು ಅರ್ಜಿ ಹಾಕಿದರು. ರಸ್ತೆ ಹೋಗಿತ್ತು, ನಕ್ಷೆಯ ಗೆರೆ ಹೋಗಿರಲಿಲ್ಲ. ‘ಉದ್ದೇಶಿತ ರಸ್ತೆಯ ಜಾಗ’ ಎಂದು ಬರೆದು ಹಿಂದಿರುಗಿಸಿದವನು ನಾನೇ. ಪ್ರತಿ ವರ್ಷವೂ. ಗೆರೆ ತೆಗೆಯಿರೆಂದು ಮೇಲಿನವರಿಗೆ ಒಂದು ಟಿಪ್ಪಣಿ ಬರೆಯಬಹುದಿತ್ತು. ಇಲ್ಲದ ತಲೆನೋವು ಯಾಕೆಂದು ಬರೆಯಲಿಲ್ಲ.

“ಸುಮ್ನೆ ಕಟ್ಟಿಬಿಡಿ, ಯಾರು ಕೇಳ್ತಾರೆ?” ಎಂದೆ.

“ಆಫೀಸಿನೋನು ನೀನೇ ಹಿಂಗಂದ್ರೆ ಹೆಂಗಪ್ಪ?” ಅದರಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಕೇಳಿದ್ದರು.

ಹೋದ ವರ್ಷ ತೀರಿಕೊಂಡರು. ತಂದ ಪೆಟ್ಟಿಗೆ ಹಿತ್ತಿಲ ತಿರುವಿನಲ್ಲಿ ಸಿಕ್ಕಿಕೊಂಡಿತು, ಒಳಗೆ ಹೋಗಲಿಲ್ಲ. ದೇಹವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಓರೆ ಮಾಡಿ ಹೊರತಂದೆವು. ತಲೆಯ ಕಡೆ ಹಿಡಿದಿದ್ದವನು ನಾನು. ನನ್ನ ಭುಜ ಗೋಡೆಗೆ ಉಜ್ಜಿ ಚರ್ಮ ಕಿತ್ತುಬಂತು. ಹಜಾರವಿದ್ದ ಬಯಲಲ್ಲಿ ಆ ಜೋಡಿ ಬಾಗಿಲನ್ನೇ ಇಟ್ಟಿಗೆಗಳ ಮೇಲೆ ಮಲಗಿಸಿ, ಅದರ ಮೇಲೆ ಪೆಟ್ಟಿಗೆ ಇಟ್ಟೆವು.

ಮಣ್ಣು ಮುಗಿಸಿ ಬಂದಾಗ ಅವರ ಹೆಂಡತಿ ಕೇಳಿದರು: “ಇನ್ನಾದ್ರೂ ಬಾಗಿಲು ಕೂರಿಸ್ಬೋದೇನಪ್ಪ?”

ಅಷ್ಟು ವರ್ಷದ ಅಭ್ಯಾಸ. ಯೋಚಿಸುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತ್ತು: “ಒಂದು ಅರ್ಜಿ ಕೊಡಿ ಅಮ್ಮ, ನೋಡೋಣ.”