ಬಿಸಿಲಿನ ನೆಪ

ಮಗಳಿಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ, ಬೆಂಗಳೂರಿನ ಆಚೆಗಿರುವ ದೊಡ್ಡ ವಾಟರ್ ಪಾರ್ಕಿಗೆ ಅವಳನ್ನು ಕರೆದುಕೊಂಡು ಹೋಗಲು ಕೊನೆಗೂ ಒಪ್ಪಿಕೊಂಡೆ. ಎರಡು ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಮಾತು ಅದು. ನಾನು ನರಸಾಪುರದ ಒಂದು ಕಂಪನಿಯಲ್ಲಿ ಶಿಫ್ಟ್ ಕೆಲಸದವನು. ಮಾಲೂರಿನಿಂದ ಕಂಪನಿ ಬಸ್ಸು ಹತ್ತಿ ಹೋಗಿ ಬರುವುದರಲ್ಲೇ ವಾರಗಳು ಕಳೆದುಹೋಗುತ್ತವೆ. ಶನಿವಾರ ಮೊದಲ ಶಿಫ್ಟ್ ಮುಗಿಸಿ ಬರುವುದು, ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುವುದು ಎಂದು ತೀರ್ಮಾನವಾಯಿತು.

ಮನೆಯಲ್ಲಿ ನಾವು ನಾಲ್ವರು. ನಾನು, ಹೆಂಡತಿ, ಮಗಳು, ಅಪ್ಪ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪ ಮಾಲೂರಿನ ಹೆಂಚಿನ ಫ್ಯಾಕ್ಟರಿಯೊಂದರಲ್ಲಿ ಮೂವತ್ತು ವರ್ಷ ಹೆಂಚು ಸುಡುವ ಗೂಡಿನ ಮುಂದೆ ದುಡಿದವರು. ಫ್ಯಾಕ್ಟರಿ ಮುಚ್ಚಿ ಎಷ್ಟೋ ಕಾಲವಾದರೂ ಅವರ ಮುಂಗೈಗಳ ಮೇಲೆ ಸುಟ್ಟ ಕಲೆಗಳು ಉಳಿದಿದ್ದವು. ಮೇ ತಿಂಗಳ ಬಿಸಿಲಿಗೆ ನಾವೆಲ್ಲ ಉಸ್ಸಪ್ಪಾ ಎಂದು ಕೂತರೆ, ಅವರು ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಹಾಲಿನ ಬೂತಿಗೆ ನಡೆದು ಹೋಗಿ ಬರುತ್ತಿದ್ದರು.

ಹದಿನೈದು ದಿನ ಮೊದಲೇ ತಯಾರಿ ಶುರುವಾಯಿತು. ಮಗಳು ಹಳೆಯ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಬರೆದಳು. ಟೋಪಿ, ಟವೆಲ್, ಸನ್‌ಸ್ಕ್ರೀನ್, ಫೋನಿಗೆ ಪ್ಲಾಸ್ಟಿಕ್ ಚೀಲ. ನೀರಿಗೆ ಇಳಿಯುವವರು ನೈಲಾನ್ ಬಟ್ಟೆಯನ್ನೇ ಹಾಕಿರಬೇಕು, ಕಾಟನ್ ಹಾಕಿದವರನ್ನು ಬಿಡುವುದಿಲ್ಲ ಎಂಬುದನ್ನು ಅವಳು ಫೋನಿನಲ್ಲಿ ಓದಿಕೊಂಡು ಮನೆಯವರಿಗೆಲ್ಲ ಹೇಳಿದಳು. ಹೆಂಡತಿ ತನಗೂ ಅವಳಿಗೂ ಒಂದೊಂದು ಜೊತೆ ತಂದಳು. ಯಲ್ದೂರಿನಲ್ಲಿರುವ ಅವಳ ತವರಿನಿಂದ ಒಂದು ಚೀಲ ಮಾವಿನಕಾಯಿ ಬಂತು. ಒಳಗೆ ಊಟ ಬಿಡುವುದಿಲ್ಲವಾದ್ದರಿಂದ ಗೇಟಿನ ಹೊರಗೇ ಮಾವಿನಕಾಯಿ ಚಿತ್ರಾನ್ನ ತಿಂದು ಒಳಗೆ ಹೋಗುವುದು ಎಂಬುದು ಅವಳ ಯೋಜನೆ.

ಸಂಜೆ ಹೊತ್ತು ಮಗಳು ಅಪ್ಪನ ಪಕ್ಕ ಕೂತು ಆ ಪಾರ್ಕಿನ ವಿಡಿಯೋ ತೋರಿಸುತ್ತಿದ್ದಳು. ಯಂತ್ರದಿಂದ ಅಲೆ ಎಬ್ಬಿಸುವ ಕೊಳವನ್ನು ಅಪ್ಪ ಮೂರು ನಾಲ್ಕು ಸಲ ಹಾಕಿಸಿಕೊಂಡು ನೋಡಿದರು.

"ಇಷ್ಟು ನೀರು ಎಲ್ಲಿಂದ ತರ್ತಾರೆ ಕಣೇ ಇವ್ರು? ನಮ್ಗೆ ಟ್ಯಾಂಕರ್ ಬರಕ್ಕೇ ಮೂರು ದಿನ."

"ತಾತಾ, ನಿಂಗೆ ಈಜು ಬರುತ್ತಾ?"

"ಬರ್ದೇ ಏನು? ಟೇಕಲ್ ಕಡೆ ಕೆರೇಲಿ ಎಮ್ಮೆ ಬಾಲ ಹಿಡ್ಕೊಂಡು ಕಲ್ತಿದ್ದು. ನಿಮ್ಮಪ್ಪಂಗೇ ಬರಲ್ಲ."

ಗುರುವಾರ ನಾನು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ಹೆಂಡತಿ, ಮಗಳು ಇಬ್ಬರೂ ಮನೆಯಲ್ಲಿರಲಿಲ್ಲ.

"ಭಾನುವಾರ ಎಷ್ಟೊತ್ತಿಗೆ ಎದ್ದೇಳ್ಬೇಕು?" ಎಂದು ಕೇಳಿದರು.

ಅವರು ತಾವೂ ಬರುವುದೆಂದುಕೊಂಡಿದ್ದಾರೆ ಎಂಬುದು ನನಗೆ ಹೊಳೆದದ್ದೇ ಆಗ. ಅವರನ್ನು ಕರೆದುಕೊಂಡು ಹೋಗುವ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೇಳಿದೆ, "ಅಪ್ಪಾ, ನಿಂಗ್ಯಾಕಪ್ಪಾ ಆ ಬಿಸಿಲಲ್ಲಿ?"

"ಗೂಡಿನ ಮುಂದೆ ಬೆಂದೋನಿಗೆ ಬಿಸಿಲೇನ್ಲಾ ಮಾಡುತ್ತೆ?" ಅಪ್ಪ ನಕ್ಕರು.

ನಾನು ಫೋನ್ ತೆಗೆದೆ. ಬೇಸಿಗೆಯಲ್ಲಿ ಇಂಥ ಕಡೆ ಹೋಗುವವರಿಗೆಂದು ಯಾರೋ ಬರೆದ ಸಲಹೆಗಳನ್ನು ಕಂಪನಿ ಬಸ್ಸಿನಲ್ಲಿ ಓದಿಕೊಂಡು ಬಂದಿದ್ದೆ. ವಯಸ್ಸಾದವರು ಮಧ್ಯಾಹ್ನದ ಹೊತ್ತು ಹೊರಗೆ ಓಡಾಡಬಾರದು ಎಂಬ ಸಾಲನ್ನು ಹುಡುಕಿ ಅವರ ಮುಂದೆ ಗಟ್ಟಿಯಾಗಿ ಓದಿದೆ. "ನೋಡು, ಇದ್ರಲ್ಲೇ ಹಾಕವ್ರೆ. ಆಗಿನ ವಯಸ್ಸೇ ಬೇರೆ. ಫ್ಯಾನ್ ಕೆಳಗೆ ಆರಾಮಾಗಿರು. ಸಂಜೆ ಬಂದ್ಬಿಡ್ತೀವಿ."

ಅಪ್ಪ ಫೋನನ್ನೇ ಒಂದು ಕ್ಷಣ ನೋಡಿದರು. "ಆಯ್ತು ಬಿಡು" ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ನಿಜ ಹೇಳಬೇಕೆಂದರೆ ನನಗೆ ಅವರ ಆರೋಗ್ಯದ ಚಿಂತೆ ಇರಲಿಲ್ಲ. ಅಪ್ಪನ ಮಂಡಿ ನೋಯುತ್ತಿತ್ತು, ನಿಧಾನಕ್ಕೆ ನಡೆಯುತ್ತಿದ್ದರು. ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕಿತ್ತು. ಹೋದಲ್ಲೆಲ್ಲ ಗುರುತಿಲ್ಲದವರನ್ನು ನಿಲ್ಲಿಸಿ ಯಾವೂರು, ಏನು ಕೆಲಸ ಎಂದು ಜೋರು ದನಿಯಲ್ಲಿ ವಿಚಾರಿಸುತ್ತಿದ್ದರು. ವರ್ಷಕ್ಕೊಂದು ದಿನವಾದರೂ ಯಾರ ಕೈಯನ್ನೂ ಹಿಡಿದು ನಡೆಸದೆ ಹಗುರಾಗಿ ಇರಬೇಕು ಎಂದು ನನಗೆ ಆಸೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಾರದೆ ಬಿಸಿಲನ್ನು ಮುಂದೆ ಮಾಡಿದೆ.

ಶನಿವಾರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಸೂಪರ್‌ವೈಸರ್ ಲೈನಿನ ಹತ್ತಿರ ಬಂದು, ಮನೆಯಿಂದ ಫೋನ್ ಇದೆ, ಬೇಗ ಹೋಗಿ ಎಂದರು. ಆ ಕಡೆ ಹೆಂಡತಿ ಅಳುತ್ತಿದ್ದಳು. ಅಪ್ಪ ಹನ್ನೊಂದೂವರೆಗೆ "ಇಲ್ಲೇ ಹೋಗ್ಬರ್ತೀನಮ್ಮಾ" ಎಂದು ಹೇಳಿ ಹೋದವರು ಬಜಾರಿನ ರಸ್ತೆಯಲ್ಲಿ ಬಿದ್ದಿದ್ದರು. ಅವಳು ಒಳಗೆ ನಾಳೆಗೆ ಮಾವಿನಕಾಯಿ ತುರಿಯುತ್ತಿದ್ದಳಂತೆ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಅಪ್ಪ ಗೇಟು ದಾಟಿದ್ದರಂತೆ.

ನಾನು ಮಾಲೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವರನ್ನು ಕೋಲಾರಕ್ಕೆ ಸಾಗಿಸಲು ಆಂಬುಲೆನ್ಸಿಗೆ ಹಾಕುತ್ತಿದ್ದರು. ನಾನೂ ಹತ್ತಿದೆ. ಅಪ್ಪನ ಕೈ ಹಿಡಿದರೆ ಕಾದ ಬಾಣಲೆ ಮುಟ್ಟಿದಂತಿತ್ತು. ಒಂದು ಹನಿ ಬೆವರಿರಲಿಲ್ಲ. ಕಣ್ಣು ತೆರೆದಿದ್ದರೂ ನನ್ನ ಗುರುತು ಹತ್ತಲಿಲ್ಲ. ತಮ್ಮ ತಾಯಿಯ ಜೊತೆ ಆಡುತ್ತಿದ್ದ ತೆಲುಗಿನಲ್ಲಿ "ನೀಳ್ಳು, ನೀಳ್ಳು" ಎಂದು ನೀರು ಕೇಳುತ್ತಿದ್ದರು. ಜೊತೆಯಲ್ಲಿದ್ದ ನರ್ಸ್, ಈಗ ಬಾಯಿಗೆ ಹಾಕಬೇಡಿ, ನೆತ್ತಿಗೇರುತ್ತೆ ಎಂದರು. ಬಟ್ಟೆ ನೆನೆಸಿ ನೆನೆಸಿ ಅವರ ಎದೆಗೂ ಕಾಲಿಗೂ ಹಾಕುತ್ತ ಹೋದೆ.

ಕೋಲಾರದಲ್ಲಿ ಡಾಕ್ಟರುಗಳು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಜ್ವರ ಇಳಿಯಿತು, ಆದರೆ ಅಪ್ಪನಿಗೆ ಪ್ರಜ್ಞೆ ಮರಳಲಿಲ್ಲ. ಎರಡನೆಯ ದಿನ ಕಿಡ್ನಿ ಕೆಲಸ ನಿಲ್ಲಿಸಿತು. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು. ಅವರಿಗೆ ಎಪ್ಪತ್ತೊಂದು.

ಮಣ್ಣು ಮಾಡಿ ಬಂದ ಮೂರನೆಯ ದಿನ, ಬಜಾರಿನಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಸಾಬರು ಮನೆಗೆ ಬಂದರು. ಅಪ್ಪನನ್ನು ಫ್ಯಾಕ್ಟರಿ ಕಾಲದಿಂದ ಬಲ್ಲವರು. ಅವತ್ತು ಆಟೋ ಹಿಡಿದು ಆಸ್ಪತ್ರೆಗೆ ಹಾಕಿದ್ದೂ ಅವರೇ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರಿತ್ತು.

"ಇದು ನಿಮ್ಮಪ್ಪಾವ್ರದು. ಬಿದ್ದ ಜಾಗದಲ್ಲಿ ಉಳ್ಕೊಂಡಿತ್ತು" ಎಂದರು. "ನೈಲಾನ್ ಚಡ್ಡೀನೇ ಬೇಕು, ಮೊಮ್ಮಗಳ ಜೊತೆ ನೀರಿಗೆ ಇಳೀಬೇಕು ಅಂದ್ರು. ನನ್ನ ಹತ್ರ ಅವ್ರ ಸೈಜ್ ಇರ್ಲಿಲ್ಲ. ಕೂತ್ಕೊಳ್ಳಿ ಭಾಯ್, ಹುಡುಗನ್ನ ಕಳಿಸಿ ತರಿಸ್ತೀನಿ ಅಂದೆ. ಕೇಳಲಿಲ್ಲ. ಇನ್ನೂ ಎರಡು ಅಂಗಡಿ ತಿರುಗಿ ತಗೊಂಡು, ನಂಗೆ ತೋರಿಸೋಕೆ ವಾಪಸ್ ಬರ್ತಿದ್ರು. ಅಂಗಡಿ ಎದುರಿಗೇ ಕುಸಿದುಬಿಟ್ರು."

ಕವರಿನಲ್ಲಿ ಕಡುನೀಲಿ ಬಣ್ಣದ ಚಡ್ಡಿಯಿತ್ತು. ನಾನು ಬೇಡವೆಂದ ಮೇಲೂ ಅಪ್ಪ ಅದನ್ನೇಕೆ ಕೊಂಡರೋ ತಿಳಿಯದೆ ಕೂತೆ. ಸಾಬರು ಬಾಗಿಲಾಚೆ ಹೋದದ್ದೇ ತಡ, ಗೋಡೆಗೆ ಒರಗಿ ನಿಂತಿದ್ದ ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಜ್ಜಿ ಹೋದಾಗ ಅವಳು ಚಿಕ್ಕವಳು. ಸಾವನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಮೂರು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ತಾತನ ನೆನಪಿಗೆ ಹೀಗಾಡುತ್ತಿದ್ದಾಳೆ ಎಂದುಕೊಂಡಿದ್ದೆವು.

ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ. "ಏನಮ್ಮಾ?"

"ನಾನೇ ಅಪ್ಪಾ ಹೇಳಿದ್ದು" ಎಂದಳು. "ಶುಕ್ರವಾರ ತಾತ ನಾನು ಬರಲ್ಲ ಕಣೇ ಅಂತು. ಯಾಕೆ ಅಂದ್ರೆ ಹೇಳ್ಲಿಲ್ಲ. ನಿನ್ಹತ್ರ ನೈಲಾನ್ ಚಡ್ಡಿ ಇಲ್ಲ ಅಂತಾನಾ ಅಂದೆ. ಹೂಂ ಅಂತು. ಹಂಗಾದ್ರೆ ತಗೊಂಡ್ಬಾ, ನೀನು ಬರ್ದಿದ್ರೆ ನಾನೂ ಹೋಗಲ್ಲ ಅಂದೆ. ನಾನು ಹೇಳ್ದೇ ಇದ್ದಿದ್ರೆ ತಾತ ಬಿಸಿಲಲ್ಲಿ ಹೋಗ್ತಾನೇ ಇರ್ಲಿಲ್ಲ."

ಅಪ್ಪ ಆ ಮಗುವಿನ ಹತ್ತಿರ ನನ್ನ ಮಾನ ಉಳಿಸಿದ್ದರು. ನಾನು ಸುಮ್ಮನಿದ್ದಿದ್ದರೆ ಆ ಗುಟ್ಟು ಅವರ ಜೊತೆಗೇ ಹೋಗುತ್ತಿತ್ತು. ಹೆಂಡತಿಗೂ ನಾನು ಹೇಳಿರಲಿಲ್ಲ. ಆದರೆ ಒಂಬತ್ತು ವರ್ಷದ ಹುಡುಗಿ ತಾತನ ಸಾವನ್ನು ತನ್ನ ತಲೆಗೆ ಕಟ್ಟಿಕೊಂಡು ನನ್ನ ಮುಂದೆ ಕೂತಿದ್ದಳು.

"ನೀನಲ್ಲ ಕಂದಾ" ಎಂದೆ. "ಬೇಡ ಅಂದೋನು ನಾನು. ಗುರುವಾರಾನೇ ತಾತ ಬರ್ತೀನಿ ಅಂದಿತ್ತು. ನಾನು ಬಿಸಿಲು ಅಂತ ಹೇಳಿ ಬಿಟ್ಟು ಹೋಗೋಕೆ ನೋಡ್ದೆ. ಬಾ ಅಂದಿದ್ರೆ, ನಾನೇ ಹೋಗಿ ತಂದ್ಕೊಡ್ತಿದ್ದೆ."

ಅವಳ ಅಳು ನಿಂತಿತು. "ಯಾಕೆ ಬೇಡ ಅಂದೆ?"

"ತಾತ ಬಂದ್ರೆ ನೋಡ್ಕೋಬೇಕಲ್ಲ ಅಂತ. ನಂಗೆ ಒಂದು ದಿನ ಆರಾಮಾಗಿರ್ಬೇಕಿತ್ತು."

"ತಾತಂಗೆ ಗೊತ್ತಿತ್ತಾ, ಬಿಸಿಲು ಅಂದಿದ್ದು ಸುಳ್ಳು ಅಂತ?"

"ಗೊತ್ತಿತ್ತು ಅನ್ಸುತ್ತೆ."

ಅವಳು ಕಲ್ಲಿನಿಂದ ಇಳಿದು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ತಟ್ಟೆಯ ಸದ್ದು ಕೇಳಿತು. ಹೆಂಡತಿ ಮೊಸರನ್ನ ಕಲಸಿ ಕೊಟ್ಟಳು. ಮಗಳು ಪೂರ್ತಿ ಉಂಡಳು. ನಾನು ಹಿತ್ತಲಲ್ಲೇ ಕೂತಿದ್ದೆ.

ಆಮೇಲೆ ಹೆಂಡತಿಗೂ ಹೇಳಿದೆ. ಅವಳು ಬೈಯಲಿಲ್ಲ. "ನಾನೂ ಮಾವನಿಗೆ ಬಟ್ಟೆ ತರ್ಲಿಲ್ವಲ್ಲಾ" ಎಂದಳು. ಮಗಳು ಮಾತ್ರ ನನ್ನ ಜೊತೆ ಎಂಟು ಹತ್ತು ದಿನ ಮಾತಾಡಲಿಲ್ಲ. ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಅಷ್ಟೇ. ನಾನೂ ಬಲವಂತ ಮಾಡಲಿಲ್ಲ. ಶಾಲೆ ಶುರುವಾಗುವ ಹಿಂದಿನ ದಿನ ಹೊಸ ಪುಸ್ತಕಗಳನ್ನು ತಂದು ನನ್ನ ಮುಂದೆ ಇಟ್ಟು, "ಬೈಂಡ್ ಹಾಕ್ಕೊಡು" ಎಂದಳು. ಇಬ್ಬರೂ ನೆಲದ ಮೇಲೆ ಕೂತು ಸಂಜೆಯವರೆಗೆ ಕಂದು ಕಾಗದ ಕತ್ತರಿಸಿದೆವು. ಅವಳು ಹಾಳೆಯ ಅಂಚು ಹಿಡಿದುಕೊಳ್ಳುತ್ತಿದ್ದಳು, ನಾನು ಮಡಚುತ್ತಿದ್ದೆ.