ನೀರನ್ನು ಬಲಕ್ಕೆ ಇಟ್ಟುಕೊಂಡು

ದಂಪತಿಗಳು ಮಾತು ಬಿಟ್ಟರೆ ಜಗತ್ತಿನ ಯಾವ ಕೆಲಸವೂ ನಿಲ್ಲುವುದಿಲ್ಲ; ಅನ್ನ ಬೇಯುತ್ತದೆ, ಎ.ಸಿ. ಓಡುತ್ತದೆ, ಉಪ್ಪು ಬೇಕಾದವರು ಮಾತ್ರ ತಾವೇ ಎದ್ದು ಹೋಗಿ ತಂದುಕೊಳ್ಳಬೇಕಾಗುತ್ತದೆ.

ಕಳೆದ ವರ್ಷ ನಾನೂ ನನ್ನ ಹೆಂಡತಿ ಶಶಿಯೂ ಇದೇ ಸ್ಥಿತಿಯಲ್ಲಿ ಜಪಾನಿಗೆ ಹೋದೆವು. ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ನಾವು ಸಂಸಾರ ಹೂಡಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ತಿಳಿದಾಗ ನಾನು ಊರಾಚೆಯ ಐನ್ ಖಾಲಿದಿನ ವಿಶಾಲವಾದ ಮನೆಯೊಂದಕ್ಕೆ ಮನಸೋತೆ. ಎದುರು ಬಾಗಿಲಿನ ಜೊಹರಾ ಪಕ್ಕದ ಬೀದಿಯ ಕಟ್ಟಡವೊಂದಕ್ಕೆ ಹೋಗುವವರಿದ್ದರು; ಅದೇ ಕಟ್ಟಡದಲ್ಲಿ ನಮಗೂ ಎರಡು ಕೋಣೆ ಸಾಕೆಂದಳು ಶಶಿ. ಮಾತು ನಿಂತದ್ದು ಅಲ್ಲಿಗೆ. ಊರಿನಲ್ಲಿ ಉಳ್ಳಾಲದ ಜೊಹರಾ ಮತ್ತು ಸುರತ್ಕಲ್ಲಿನ ಶಶಿಯ ನಡುವೆ ಎರಡು ನದಿಗಳಿದ್ದವು. ದೋಹಾದಲ್ಲಿ ಎರಡು ಕಾಲೊರಸುಗಳು ಮಾತ್ರ.

ಆಫೀಸಿನ ಟ್ರೇನಿಂಗಿಗೆ ನಾನೂ, ಜೊತೆಗೆ ಅವಳೂ ಹೋಗಿದ್ದ ಜಪಾನಿನ ಆ ನಗರದ ನಟ್ಟನಡುವೆ ಒಂದು ಕೋಟೆ. ಅರಮನೆಯಿಲ್ಲ, ಅರಸನಿಲ್ಲ, ಅರಿಯೂ ಇಲ್ಲ. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಯೂ ಅದನ್ನು ಬಳಸಿದ ಕಂದಕವೂ ಗಾಜಿನ ಕಟ್ಟಡಗಳ ನಡುವೆ ನಿಶ್ಚಿಂತವಾಗಿ ಉಳಿದಿವೆ. “ನೀರನ್ನು ಬಲಕ್ಕೆ ಇಟ್ಟುಕೊಂಡು ನಡೆಯಿರಿ, ಮತ್ತೆ ಇಲ್ಲಿಗೇ ಬರುತ್ತೀರಿ,” ಎಂದಳು ಹೋಟೆಲಿನಾಕೆ.

ನಡೆದೆವು. ಶತ್ರುಗಳಿಗೆಂದು ತೋಡಿದ ಕಂದಕದಲ್ಲಿ ಬಾತುಕೋಳಿಗಳು ತೇಲುತ್ತಿದ್ದವು. ಸುತ್ತು ಮುಗಿದು ಹೋಟೆಲು ಎದುರಾಯಿತು. ಅವಳೂ ನೋಡಿದಳು, ನಾನೂ ನೋಡಿದೆ. ಆದರೆ ‘ಬಂತು’ ಎಂದು ಮೊದಲು ಬಾಯಿಬಿಡುವವರು ಯಾರು? ಸ್ವಾಭಿಮಾನಿಗಳಾದ ನಾವು ಹೋಟೆಲನ್ನು ದಾಟಿ ಎರಡನೆಯ ಪ್ರದಕ್ಷಿಣೆಗೆ ಹೊರಟೆವು. ದೇವರಿಲ್ಲದ ಪ್ರದಕ್ಷಿಣೆಯ ಫಲವೆಲ್ಲ ಮೊಣಕಾಲಿಗೇ ಸಂದಿತು.

ಅರ್ಧ ದಾರಿಯಲ್ಲಿ ಶಶಿ ಕಲ್ಲುಬೆಂಚಿನ ಮೇಲೆ ಕುಳಿತಳು.

“ಹೋಟೆಲು ಆಗಲೇ ಹೋಯ್ತು,” ಎಂದಳು.

“ಗೊತ್ತುಂಟು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತಿ ಅಂತ.”

ಅವಳು ಎದುರಿನ ಗೋಡೆಯನ್ನು ನೋಡಿದಳು. “ಇಷ್ಟು ಕಲ್ಲು ಇಟ್ಟುಕೊಂಡು ಇವರು ಈಗ ಯಾರನ್ನು ತಡೀತಾರೆ?”

“ಯಾರನ್ನೂ ಇಲ್ಲ.”

“ಆದರೂ ಕೆಡವಲಿಲ್ಲ ಅಲ್ವಾ?” ಎಂದವಳು ನನ್ನತ್ತ ತಿರುಗಿದಳು: “ನನಗೆ ಹೆರಿಗೆ ನೋವು ಬಂದಾಗ ನೀವು ಅಷ್ಟು ದೂರದ ಅಲ್ ಶಮಾಲಿನ ಸೈಟಿನಲ್ಲಿ ಇದ್ರಿ. ನಾನು ತಟ್ಟಿದ್ದು ಜೊಹರಾಳ ಬಾಗಿಲು. ಐನ್ ಖಾಲಿದಿನಲ್ಲಿ ಯಾರ ಬಾಗಿಲು ತಟ್ಟುವುದು?”

ದೊಡ್ಡ ಹಾಲ್, ಎರಡು ಬಾತ್‌ರೂಮು, ಕಾರಿಗೆ ನೆರಳು ಎಂದು ನಾನು ಸಾಲಾಗಿ ನಿಲ್ಲಿಸಿಕೊಂಡಿದ್ದ ವಾದಗಳು ಒಂದೊಂದಾಗಿ ಆಯುಧ ಕೆಳಗಿಟ್ಟವು.

“ಫೋನ್ ಮಾಡು, ಆ ಎರಡು ಕೋಣೆ ಉಂಟಾ ಕೇಳು,” ಎಂದೆ.

ಜೊಹರಾರ ದನಿ ಸ್ಪೀಕರಿನಲ್ಲಿ ಕೇಳಿತು. “ಕೇಳುವುದೆಂತ ಶಶಿಯಕ್ಕ? ಆ ಮನೆ ನಿಮಗೇ ಅಂತ ನೀವು ವಿಮಾನ ಹತ್ತುವ ಮೊದಲೇ ವಾಚ್‌ಮನ್ ಹತ್ರ ಹೇಳಿಟ್ಟಿದ್ದೇನೆ. ಖಲಾಸ್.”

ನನ್ನ ಕೋಟೆ ಬಿದ್ದದ್ದು ದೋಹಾದಲ್ಲೇ. ಸುದ್ದಿ ಮುಟ್ಟಿದ್ದು ಮಾತ್ರ ಜಪಾನಿನಲ್ಲಿ.

ಈಗ ಆ ಎರಡು ಕೋಣೆಗಳಲ್ಲಿದ್ದೇವೆ. ಒಳಗೆ ಹಿಡಿಯದ ನಮ್ಮ ಸೋಫಾ ಜೊಹರಾರ ಹಾಲ್ ಸೇರಿದೆ. ಮುನಿಸಿನ ದಿನ ಸಮಾಧಾನಕ್ಕೆಂದು ನಾನು ಅಲ್ಲಿಗೆ ಹೋದರೆ, ಶಶಿ ಆಗಲೇ ಅದರ ಮೇಲೆ ಕುಳಿತಿರುತ್ತಾಳೆ.