ಗುರುವಾರ ಬಂದ ಕಂಡಕ್ಟರು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಶಾಲೆಯಲ್ಲಿ ಟೀಚರಾಗಿದ್ದಾಗ, ಹಾಳು ಮಂಟಪದಲ್ಲಿ ಏನೋ ಇದೆ ಎಂದು ಹೆದರಿದ ಮಕ್ಕಳನ್ನು ಅದೇ ಮಂಟಪದಲ್ಲಿ ಕೂರಿಸಿ ಮಗ್ಗಿ ಹೇಳಿಸಿದ್ದೇನೆ. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕು ಎಂದು ಗೋಗರೆಯುವುದಿಲ್ಲ. ಆದರೆ ಸುಳ್ಳು ಎಂದು ಮಾತ್ರ ಅನ್ನಬೇಡಿ. ಹಾಗೆ ಅಂದ ಒಬ್ಬ ವಕೀಲರಿಗೆ ತುಂಬಿದ ಕೋರ್ಟಿನಲ್ಲೇ ಉತ್ತರ ಕೊಟ್ಟು ಬಂದವಳು ನಾನು.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಊರು ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು, ನನ್ನ ತಮ್ಮ ಅಶ್ವತ್ಥ. ನಾನು ಶಾಲೆಗೆ ಹೋಗುತ್ತಿದ್ದೆ, ಅವನು ರೇಷ್ಮೆಹುಳು ಸಾಕುತ್ತಿದ್ದ. ಇಪ್ಪತ್ತೆರಡು ವರ್ಷದ ಹುಡುಗ, ಬಾಯಿಬಡುಕ. ಹುಳುಗಳಿಗೆ ಸೊಪ್ಪು ಹಾಕುವಾಗಲೂ ಅವುಗಳ ಜೊತೆ ಮಾತಾಡುತ್ತಿದ್ದ.

ನಮ್ಮ ಕಡೆ ರೇಷ್ಮೆಗೂಡಿನ ಮೂಟೆಯನ್ನು ಬಸ್ಸಿನ ಮೇಲೆ ಹಾಕಿದರೆ, ಮೂಟೆಯವನೂ ಮೇಲೆಯೇ ಕೂರುವುದು ರೂಢಿ. ಬೇರೆ ಸಾಮಾನು ಗೂಡಿನ ಮೇಲೆ ಬಿದ್ದರೆ ಒಳಗಿನ ಹುಳು ಒಡೆದು ಕಲೆ ಹತ್ತಿ ಇಡೀ ಮೂಟೆ ಹಾಳು. ಮೇಲೆ ಆಳು ಕೂರಬಾರದು ಎಂದು ಬಸ್ಸಿನಲ್ಲೇ ಬೋರ್ಡು ಇತ್ತು. ಯಾರು ನೋಡಬೇಕು ಅದನ್ನ? ಗೂಡು ಕಾಯುವ ಭರದಲ್ಲಿ ತಲೆ ಕಾಯುವುದು ನಮಗೆ ಹೊಳೆಯುತ್ತಲೇ ಇರಲಿಲ್ಲ. ನಾನೂ ಅವತ್ತು, ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಟ ಅಶ್ವತ್ಥನಿಗೆ ಹೇಳಿ ಕಳಿಸಿದ್ದು, "ಮೂಟೆ ಜೋಪಾನ ಕಣೋ" ಎಂದೇ. ನಿನ್ನ ತಲೆ ಜೋಪಾನ ಎನ್ನಲಿಲ್ಲ.

ಶಿಡ್ಲಘಟ್ಟ ಇನ್ನು ಎರಡು ಮೈಲಿ ಇರುವಾಗ ರಸ್ತೆಗೆ ಬಾಗಿದ್ದ ಆಲದ ಕೊಂಬೆ ಅವನ ಹಣೆಗೆ ಬಡಿಯಿತು. ಬಸ್ಸು ಓಡುತ್ತಲೇ ಇತ್ತು, ಅವನು ಕೆಳಗೆ ಬಿದ್ದ. ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಬಿಟ್ಟಾಗ ಮಾತು ಹೋಗಿತ್ತು. ನಾನು ಯಾರು ಎಂದು ಗೊತ್ತಿಲ್ಲ, ಅನ್ನದ ತಟ್ಟೆ ಯಾಕೆ ಎಂದು ಗೊತ್ತಿಲ್ಲ. ಸುಮ್ಮನೆ ನಗುತ್ತಿದ್ದ. ಅಯ್ಯೋ, ಆ ನಗು ನನ್ನಿಂದ ನೋಡಲಾಗುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ನೇರ ಮಾತಿನವರು. "ಮಿದುಳಿಗೆ ಏಟು ಬಿದ್ದು ಬರೋರು ಹೀಗೇ ಅಮ್ಮ. ಮರದಿಂದ ಬೀಳ್ತಾರೆ, ಗಾಡಿಯಿಂದ ಬೀಳ್ತಾರೆ, ಜಗಳದಲ್ಲಿ ದೊಣ್ಣೆ ಏಟು ತಿಂತಾರೆ, ಬಸ್ಸು ಲಾರಿ ಮೇಲಿಂದ ಬೀಳ್ತಾರೆ. ಮನೆಯವರೆಲ್ಲ ಹಣೆಬರಹ ಅಂತಾರೆ. ಯಾರು ತಳ್ಳಿದ್ರು, ಯಾರು ಹತ್ತಿಸಿದ್ರು ಅಂತ ಒಬ್ಬರೂ ಕೇಳಲ್ಲ" ಎಂದರು.

"ನಾನು ಕೇಳ್ತೀನಿ" ಎಂದೆ.

ಕೇಳಿದೆ. ಬಸ್ಸಿನವರು, "ಬೇಡ ಬೇಡ ಅಂದ್ರೂ ಅವನೇ ಹತ್ತಿದ, ನಮ್ಮದೇನು ತಪ್ಪು?" ಎಂದರು. ಊರಿನವರೂ ಅದನ್ನೇ ಅಂದರು. ಹೆಣ್ಣು ಹೆಂಗಸು ಕೋರ್ಟು ಹತ್ತಬೇಡ ಎಂದು ಬುದ್ಧಿವಾದ ಬೇರೆ. ನಾನು ಚಿಕ್ಕಬಳ್ಳಾಪುರಕ್ಕೆ ಹೋಗಿ ವಕೀಲರೊಬ್ಬರನ್ನು ಹಿಡಿದು, ಡ್ರೈವರು, ಕಂಡಕ್ಟರು, ಮಾಲೀಕ ಮೂವರ ಮೇಲೂ ಖಾಸಗಿ ದೂರು ಹಾಕಿಸಿದೆ. ವಕೀಲರು ಮೊದಲ ದಿನವೇ ಹೇಳಿದರು: "ನಿಮ್ಮ ತಮ್ಮ ತಾನಾಗಿ ಹತ್ತಿದ್ರೆ ತಪ್ಪೆಲ್ಲ ಅವನ ತಲೆಗೇ ಕಟ್ತಾರೆ. ಬಸ್ಸಿನವರು ಹತ್ತಿಸಿದ್ರೆ ಅವರ ತಪ್ಪು. ಹತ್ತಿಸಿದ್ದು ಕಂಡವರು ಯಾರಾದ್ರೂ ಇದ್ದಾರಾ?" ಯಾರೂ ಇರಲಿಲ್ಲ. ಹೇಳಬೇಕಾದವನಿಗೆ ಮಾತೇ ಇರಲಿಲ್ಲ.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ, ಶಾಲೆಗೆ ರಜೆ ಇದ್ದ ದಿನ, ನಾನು ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಅಶ್ವತ್ಥ ಹೊರಗೆ, ನನಗೆ ಬಾಗಿಲಿಂದ ಕಾಣುವ ಹಾಗೆ, ಜಗಲಿಯ ಮೇಲೆ ಕೂತಿದ್ದ. "ಅಮ್ಮಾ" ಎಂದು ಯಾರೋ ಕರೆದರು. ನೋಡಿದರೆ ಬಾಗಿಲಲ್ಲಿ ಅದೇ ಬಸ್ಸಿನ ಕಂಡಕ್ಟರು ಚೌಡಪ್ಪ. ಆ ಲೈನಿನಲ್ಲಿ ಐದಾರು ವರ್ಷದಿಂದ ನೋಡಿದ ಮುಖ, ಮರೆಯುವ ಮಾತೇ ಇಲ್ಲ. ಖಾಕಿ ಶರ್ಟು, ಕಿವಿಯ ಮೇಲೆ ಪೆನ್ಸಿಲು. ಹೊರಗಿನವರು ಹುಳುಮನೆಯೊಳಗೆ ಬರಬಾರದು ಎಂಬುದು ಅವನಿಗೂ ಗೊತ್ತಿದ್ದಿರಬೇಕು, ಹೊಸ್ತಿಲ ಆಚೆಗೇ ನಿಂತ. ನಾನು "ಯಾಕೆ ಬಂದೆ?" ಎಂದೆ, ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ.

ಅವನು ತಲೆ ಎತ್ತದೆ ಹೇಳಿದ: "ಅಮ್ಮಾ, ಮೊದಲನೇ ಸಲ ಹತ್ತಿದ್ದು ಅವನೇ. ಆದ್ರೆ ರೇಡಿಯೇಟರಿಗೆ ನೀರು ಹಾಕೋಕೆ ನಿಂತಾಗ, ಭಯ ಆಗ್ತದಣ್ಣ ಅಂತ ಇಳಿದು ಬಂದ. ಒಳಗೆ ಕಾಲಿಡೋಕೆ ಜಾಗ ಇರ್ಲಿಲ್ಲ. ಎಕ್ಕಪ್ಪಾ, ಏಮೀ ಕಾದು ಅಂತ ಬೆನ್ನು ತಟ್ಟಿ ಎರಡನೇ ಸಲ ಹತ್ತಿಸಿದ್ದು ನಾನು. ಹಿಂದಿನ ಏಣಿ ಹತ್ರ ನಾವಿಬ್ಬರೇ ಇದ್ವಿ." ಹತ್ತಪ್ಪಾ, ಏನೂ ಆಗಲ್ಲ ಎಂದು ತೆಲುಗಿನಲ್ಲಿ ಹೇಳಿ ನನ್ನ ತಮ್ಮನನ್ನು ಆ ಕೊಂಬೆಯ ಕೆಳಕ್ಕೆ ಕಳಿಸಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಸೊಪ್ಪನ್ನು ಬಿಸಾಕಿ ಕೈ ಒರೆಸಿಕೊಂಡು ಹೊರಗೆ ಬಂದೆ. ಅವನಿರಲಿಲ್ಲ. ಬೀದಿಯ ಕೊನೆಯವರೆಗೂ ಓಡಿ ನೋಡಿದೆ. ಹೊರಟುಬಿಟ್ಟ ಹೇಡಿ ಎಂದು ಬೈದುಕೊಂಡು ಬಂದೆ. ಆಗ ನನಗೆ ಬೇರೆ ಯಾವ ಅನುಮಾನವೂ ಬರಲಿಲ್ಲ.

ಮರುದಿನ ವಕೀಲರಿಗೆ ಹೇಳಿದೆ. ಅವರು ಹಿಗ್ಗಿದರು, ವಿಚಾರಿಸಿದರು, ವಾರದ ನಂತರ ನನ್ನನ್ನು ಕರೆಸಿ ಮುಖ ಇಳಿಬಿಟ್ಟುಕೊಂಡು ಕೂತರು. ಆ ಗುರುವಾರ ಚೌಡಪ್ಪನನ್ನು ಗೌರಿಬಿದನೂರಿನ ಬಸ್ಸಿಗೆ ಹಾಕಿದ್ದರು. ಬಸ್ಸು ಅಲ್ಲೇ ಕೆಟ್ಟು ಬೆಳಗ್ಗೆಯಿಂದ ಸಂಜೆಯವರೆಗೆ ನಿಂತಿತ್ತು. ಅವನದೇ ಕೈಬರಹದ ಟ್ರಿಪ್ ಶೀಟು ಇತ್ತು, ರಿಪೇರಿಯವನು ಸಾಕ್ಷಿಗೆ ಸಿದ್ಧನಿದ್ದ.

"ಭಾನುವಾರ ಬಂದ ಅಂತ ಹೇಳಿಬಿಡಿ ಟೀಚರಮ್ಮ. ಅವತ್ತು ಅವನಿಗೆ ರಜೆ ಇತ್ತು. ಗುರುವಾರ ಅಂದ್ರೆ ನಿಮಗೆ ಹುಚ್ಚು ಅಂತಾರೆ, ಕೇಸು ಬಿದ್ದುಹೋಗುತ್ತೆ" ಎಂದರು ವಕೀಲರು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಒಂದು ವಾರದ ಹೆಸರು ಬದಲಿಸಿದರೆ ತಮ್ಮನ ಮೇಲಿನ ಅಪವಾದ ಹೋಗುತ್ತದೆ. ಬದಲಿಸದಿದ್ದರೆ ಅವನು ಸಾಯುವವರೆಗೂ ತನ್ನ ಗತಿ ತಾನೇ ತಂದುಕೊಂಡವನು. ನಾನು ಕಂಡದ್ದಾದರೂ ಏನು ಎಂದು ಆಗ ಮೊದಲ ಸಲ ನನ್ನನ್ನೇ ಕೇಳಿಕೊಂಡೆ. ಆದರೂ ಬಸ್ಸಿನವರು ಹೇಳಿದ್ದು ಸುಳ್ಳು ಎಂದು ಕೂಗಾಡುತ್ತಿದ್ದವಳು ನಾನೇ ಸುಳ್ಳು ಹೇಳಿ ಗೆಲ್ಲಲೇ? ನನ್ನಿಂದ ಆಗಲಿಲ್ಲ.

ಕಟಕಟೆಯಲ್ಲಿ ನಿಂತು ಗುರುವಾರ ಎಂದೇ ಹೇಳಿದೆ. ಅವನ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ಎದುರು ವಕೀಲರು ಟ್ರಿಪ್ ಶೀಟನ್ನು ಕೈಯಲ್ಲಿ ಆಡಿಸುತ್ತಾ, "ಗೌರಿಬಿದನೂರಿನಿಂದ ಹಾರಿಕೊಂಡು ಬಂದನೋ, ಇಲ್ಲ ದೆವ್ವ ಬಂದಿತ್ತೋ? ಮಕ್ಕಳಿಗೂ ಇಂಥದ್ದೇ ಸುಳ್ಳು ಕಲಿಸ್ತೀರೇನಮ್ಮ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು.

"ನಗ್ರಪ್ಪ, ಚೆನ್ನಾಗಿ ನಗ್ರಿ" ಎಂದೆ. "ಸುಳ್ಳು ಹೇಳಬೇಕು ಅಂತಿದ್ರೆ ಅವನಿಗೆ ರಜೆ ಇದ್ದ ದಿನ ಹೇಳ್ತಿದ್ದೆ. ಅಷ್ಟು ಬುದ್ಧಿ ನನಗೂ ಇದೆ. ಅವನು ಹೇಗೆ ಬಂದ ಅಂತ ಅವನನ್ನೇ ಕೇಳಿ."

ಮ್ಯಾಜಿಸ್ಟ್ರೇಟರು ಆರೋಪಿಗಳ ಹೇಳಿಕೆ ಪಡೆಯುವಾಗ ಚೌಡಪ್ಪನನ್ನು ಕೇಳಿದರು: ಈ ಸಾಕ್ಷಿಗೆ ಏನು ಹೇಳುತ್ತೀಯ? ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ವಕೀಲರು ಸನ್ನೆ ಮಾಡುತ್ತಲೇ ಇದ್ದರು. ಅವನು ಅವರ ಕಡೆ ನೋಡಲಿಲ್ಲ.

"ನಾನು ಅವರ ಮನೆಗೆ ಹೋಗಿಲ್ಲ ಸ್ವಾಮಿ. ಮನೆ ಎಲ್ಲಿದೆ ಅಂತ್ಲೂ ಗೊತ್ತಿಲ್ಲ. ಆದ್ರೆ ಆಯಮ್ಮ ಹೇಳಿದ ಮಾತು ನಂದೇ. ಇಳಿದು ಬಂದೋನ್ನ ಹತ್ತಿಸಿದ್ದು ನಾನೇ."

ಡ್ರೈವರಿಗೂ ಚೌಡಪ್ಪನಿಗೂ ಶಿಕ್ಷೆಯಾಯಿತು. ಬಸ್ಸು ಉಸಿರುಕಟ್ಟುವಷ್ಟು ತುಂಬಿಸು ಎಂದು ದಿನಾ ಒತ್ತಾಯ ಮಾಡುತ್ತಿದ್ದ ಮಾಲೀಕ ಮಾತ್ರ ಪಂಚೆ ಕೊಡವಿಕೊಂಡು ಮನೆಗೆ ಹೋದ. ಅದರ ಸಿಟ್ಟು ನನಗೆ ಇವತ್ತಿಗೂ ಇದೆ. ಅಶ್ವತ್ಥನಿಗೆ ಮಾತು ಬರಲಿಲ್ಲ. ಹನ್ನೊಂದು ವರ್ಷ ಬದುಕಿದ. ಆದರೆ ಅವನ ಎದುರು ಹಣೆಬರಹ ಎಂಬ ಮಾತನ್ನು ನಾನು ಯಾರ ಬಾಯಲ್ಲೂ ಬರಗೊಡಲಿಲ್ಲ.

ನಮ್ಮ ಬಾಗಿಲಲ್ಲಿ ನಿಂತವನು ಯಾರು? ಗೊತ್ತಿಲ್ಲ. ಓದಿದವರನ್ನು ಕೇಳಿದೆ, ಸ್ವಾಮಿಗಳನ್ನು ಕೇಳಿದೆ, ಒಬ್ಬೊಬ್ಬರದು ಒಂದೊಂದು ಕತೆ. ಯಾವುದೂ ನನಗೆ ಒಪ್ಪಿಗೆಯಾಗಲಿಲ್ಲ. ತೀರ್ಪಿನ ದಿನ ಕೋರ್ಟಿನ ವರಾಂಡದಲ್ಲಿ ನಡೆದದ್ದನ್ನಷ್ಟೇ ಹೇಳಿ ಮುಗಿಸುತ್ತೇನೆ. ಚೌಡಪ್ಪ ಪೊಲೀಸಿನವರ ಪಕ್ಕ ಕೂತಿದ್ದ. ಎದುರಿಗೆ ಕೂತು, ಆ ಗುರುವಾರ ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಕೆಟ್ಟ ಬಸ್ಸಲ್ಲಿ ಕಣ್ಣು ಮುಚ್ಕೊಂಡು ಕೂತಿದ್ದೆನಮ್ಮ. ನಿಮ್ಮ ಮನೆಗೆ ಬಂದ್ರೆ ಹೆಂಗೆ ಹೇಳೋದು ಅಂತ ಒಂದೊಂದೇ ಮಾತು ಜೋಡಿಸ್ಕೊಂಡೆ. ಎದ್ದು ಬರೋಕೆ ಧೈರ್ಯ ಆಗ್ಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದ: "ನಾನು ಬಂದಾಗ... ನಿಮ್ಮ ತಮ್ಮ ಏನು ಮಾಡ್ದ?"

ಕೋರ್ಟಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ನಿನ್ನ ನೋಡಿ ಪಕ್ಕಕ್ಕೆ ಸರಿದ. ಜಗಲಿ ಮೇಲೆ ಕೂತ್ಕೊಳ್ಳೋಕೆ ಜಾಗ ಬಿಟ್ಟ" ಎಂದೆ.

ಚೌಡಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಜೋರಾಗಿ ಅತ್ತ. ನಾನು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.